ಮಾವಿನ ಕಸಿ, ಕಣ್ಣಿನ ಕಸಿ

ಮಕ್ಕಳೇ, ಮಾವಿಗೆ ಕಸಿ ಕಟ್ಟುವುದನ್ನು ನೋಡಿದ್ದೀರಾ? ಕಾಟುಮಾವಿನ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಇಶಾಡು ತಳಿಯ ಮಾವಿನ ಕುಡಿ ಸಿಕ್ಕಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಾರೆ. ಮೂರು-ನಾಲ್ಕು ವಾರಕ್ಕೆ ಕೆಂಪು ಚಿಗುರು ಇಣುಕುತ್ತದೆ. ‘ಇದು ನನ್ನ ಕುಡಿಯಲ್ಲ’ ಎಂದು ಸಸಿ ತಕರಾರು ತೆಗೆಯುವುದಿಲ್ಲ. ಗಿಡದೊಳಗೆ ಸುತ್ತಾಡುತ್ತ ಪಹರೆ ಕಾಯುವ ಕೋಶಗಳಿಲ್ಲ.

ನಮ್ಮ ಮೈಯಲ್ಲಿ ಇವೆ. ಪರಕೀಯರು ಬಂದರೆ ಬಿಡುವುದಿಲ್ಲ.

ಕಣ್ಣಿನ ಮುಂದೆ, ಗಡಿಯಾರದ ಗಾಜಿನ ಹಾಗೆ ಒಂದು ತೆಳು ಪರದೆ ಇದೆ. ಅದೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳವೇ ಇಲ್ಲ, ಅದಕ್ಕೇ ಅಷ್ಟು ತಿಳಿ. ಬೇಕಾದ ಆಮ್ಲಜನಕವನ್ನು ಕಣ್ಣೀರಿನ ಮೂಲಕ ಗಾಳಿಯಿಂದಲೇ ಹೀರುತ್ತದೆ. ರಕ್ತ ಹರಿಯದ ಕಡೆ ಪಹರೆಯವರ ಓಡಾಟವೂ ಕಡಿಮೆ. ಹಾಗಾಗಿಯೇ 1905ರಷ್ಟು ಹಿಂದೆಯೇ ಎಡುವರ್ಡ್ ಜಿರ್ಮ್ ಎಂಬ ವೈದ್ಯರಿಗೆ ಕಾರ್ನಿಯಾ ಕಸಿ ಸಾಧ್ಯವಾಯಿತು. ಅವರ ರೋಗಿ ಸುಣ್ಣ ಸಿಡಿದು ಕಣ್ಣು ಕಳೆದುಕೊಂಡಿದ್ದ ಕೂಲಿಯಾಳು. ನಮ್ಮಲ್ಲಿ 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದವರು ಅವರ ಎರಡೂ ಕಾರ್ನಿಯಾಗಳ ಮುಂಪದರ, ಹಿಂಪದರ ಬಿಡಿಸಿ ನಾಲ್ಕು ಜನರಿಗೆ ಜೋಡಿಸಿದರು. ಎರಡು ಕಣ್ಣು, ನಾಲ್ವರಿಗೆ ಬೆಳಕು!

ಆದರೆ ಪೆಟ್ಟು, ಸೋಂಕು ತಗಲಿದ ಕಣ್ಣಿನ ಕಾರ್ನಿಯಾದೊಳಕ್ಕೆ ರಕ್ತನಾಳಗಳು ಬಳ್ಳಿಯಂತೆ ನುಗ್ಗಿರುತ್ತವೆ. ಅದೇ ದಾರಿಯಲ್ಲಿ ಟಿ-ಕೋಶಗಳೆಂಬ ಪಹರೆಯವರು ಬಂದು ಹೊಸ ಪರದೆಯ ಮೇಲೆ ಬೀಳುತ್ತಾರೆ. ಕಣ್ಣು ಕೆಂಪಾಗಿ, ಕಸಿ ಮಬ್ಬಾಗುತ್ತದೆ. ತಡೆಯಲು ವೈದ್ಯರು ಸ್ಟೀರಾಯ್ಡ್ ಹನಿ ಕೊಡುತ್ತಾರೆ. ಅದನ್ನು ಬಹುಕಾಲ ಹಾಕಿದರೆ ಕೆಲವರಿಗೆ ಕಣ್ಣೊಳಗಿನ ಒತ್ತಡ ಏರುತ್ತದೆ, ಪೊರೆಯೂ ಬರಬಹುದು.

ಬೇರೆ ಮದ್ದು ಹುಡುಕಿದವರ ಕಣ್ಣಿಗೆ ಬಿದ್ದದ್ದು ಚೀನಾದ ಒಂದು ಬಳ್ಳಿ. ಅವರ ಭಾಷೆಯಲ್ಲಿ ಅದರ ಹೆಸರು ‘ಸಿಡಿಲು ದೇವರ ಬಳ್ಳಿ’. ಹೆಸರಿಗೆ ತಕ್ಕ ವಿಷ. ಹಿಂದೆ ಹುಳ ಕೊಲ್ಲಲು ಬಳಸುತ್ತಿದ್ದರು. ಅದರಲ್ಲಿರುವ ಟ್ರಿಪ್ಟೊಲೈಡ್ ಎಂಬ ಸಾರ, ಟಿ-ಕೋಶಗಳು ಗುಂಪುಗೂಡಿ ಹೆಚ್ಚುವುದನ್ನು ತಡೆಯುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಸಿ ಹೆಚ್ಚು ದಿನ ತಿಳಿಯಾಗಿ ಉಳಿದಿದೆ. ಮದ್ದಿನ ಅಂಗಡಿಗೆ ಹನಿಯಾಗಿ ಬರುವ ದಿನ ಮಾತ್ರ ದೂರ. ವಿಷಕ್ಕೂ ಮದ್ದಿಗೂ ನಡುವಿನ ಅಂತರವನ್ನು ಅಳೆದು ಮುಗಿಸದೆ ಯಾರ ಕಣ್ಣಿಗೂ ಹಾಕುವಂತಿಲ್ಲ.

ನಮ್ಮ ಘಟ್ಟದ ಕಾಡಿನಲ್ಲೂ ಸಿಡಿಲು ದೇವರ ಬಳ್ಳಿಯ ಕುಟುಂಬಕ್ಕೇ ಸೇರಿದ ಬಳ್ಳಿಯೊಂದಿದೆ, ಹೆಸರು ಜ್ಯೋತಿಷ್ಮತಿ. ಹಾಗೆಂದು ಅದನ್ನೋ, ಅಂಗಳದ ನಂದಿಬಟ್ಟಲನ್ನೋ ಹಿಂಡಿ ಕಣ್ಣಿಗೆ ಬಿಟ್ಟುಕೊಂಡೀರಿ! ಹಸಿ ರಸದ ಜತೆ ಸೋಂಕೂ ಇಳಿಯುತ್ತದೆ.

ಇನ್ನೊಂದು ಮಾತು. ಅಜ್ಜಿಯ ಕವಳದ ಸುಣ್ಣ ಕಣ್ಣಿಗೆ ತಾಗಿದರೆ ಉಜ್ಜಬೇಡಿ. ಶುದ್ಧ ನೀರನ್ನು ಕಾಲು ಗಂಟೆಯಾದರೂ ಬಿಡದೆ ಸುರಿದು ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ.