ಹುಲ್ಲಿನಲ್ಲಿ ರಾತ್ರಿ ಕಳೆಯುವ ಗಿಡುಗಗಳ ಎಣಿಕೆ

(ಉಪನ್ಯಾಸದ ಪಾಠ)



ಮಲೆನಾಡಿನ ಜನರಿಗೆ ಬೀದರ ದೂರದ ಸೀಮೆ. ಅಲ್ಲಿ ದಟ್ಟವಾದ ಕಾಡಿಲ್ಲ, ವರ್ಷವಿಡೀ ಹರಿಯುವ ಹಳ್ಳಗಳೂ ವಿರಳ. ಬೀದರ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಭಾಲ್ಕಿ, ಔರಾದಗಳತ್ತ ಸಾಗಿದರೆ ಕಪ್ಪು ಎರೆಮಣ್ಣಿನ ಹೊಲಗಳು ತೆರೆದುಕೊಳ್ಳುತ್ತವೆ. ಮುಂಗಾರಿನಲ್ಲಿ ಹೆಸರು, ಉದ್ದು, ಸೋಯಾ, ತೊಗರಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಈ ಹೊಲಗಳ ನಡುವೆ, ಮಣ್ಣು ತೆಳುವಾಗಿ ಕಲ್ಲು ಮೇಲೆದ್ದಿರುವ ಕಡೆಗಳಲ್ಲಿ ಹುಲ್ಲಿನ ಬಯಲುಗಳಿವೆ. ಬೇರೆಡೆ ಗೋಮಾಳ ಎನ್ನುವ ಊರೊಟ್ಟಿನ ಮೇವಿನ ನೆಲಕ್ಕೆ ಆ ಸೀಮೆಯಲ್ಲಿ ಗಾಯರಾಣ ಎಂಬ ಹೆಸರುಂಟು. ಕೃಷ್ಣಮೃಗಗಳು ಮೇಯುವುದೂ ಇಂಥ ಬಯಲುಗಳಲ್ಲಿಯೇ.

ಹಸ್ತ ಮಳೆ ಹಿಂದೆ ಸರಿದು ಚಿತ್ತಾ ಮಳೆ ಬರುವ ಹೊತ್ತಿಗೆ ಈ ಬಯಲಿನ ಮೇಲೆ ಹೊಸ ಹಕ್ಕಿಗಳು ಕಾಣಿಸಿಕೊಳ್ಳುತ್ತವೆ. ಉದ್ದ ರೆಕ್ಕೆ, ಉದ್ದ ಬಾಲ, ತೆಳುವಾದ ಮೈ. ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಪೈರಿನ ತಲೆ ಸವರುವಂತೆ ನಿಧಾನವಾಗಿ ತೇಲುತ್ತ ಬರುತ್ತವೆ. ಇವು ಹ್ಯಾರಿಯರ್ ಜಾತಿಯ ಗಿಡುಗಗಳು; ಕನ್ನಡದಲ್ಲಿ ಸೆಳೆವ ಎಂಬ ಹೆಸರೂ ಇವಕ್ಕಿದೆ. ಮಾಂಟೆಗ್ಯೂ, ಪ್ಯಾಲಿಡ್, ಮಾರ್ಷ್ ಎಂಬ ಮೂರು ಬಗೆಯವು ಈ ಭಾಗದಲ್ಲಿ ಚಳಿಗಾಲ ಕಳೆಯುತ್ತವೆ. ಮೊದಲೆರಡು ಬಗೆಯವು ಬರುವುದು ಕಜಕಸ್ತಾನ ಮತ್ತು ದಕ್ಷಿಣ ರಷ್ಯಾದ ಹುಲ್ಲುಗಾವಲುಗಳ ಕಡೆಯಿಂದ. ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಅವು ಮರಳುತ್ತವೆ.

ಮಿಕ್ಕ ಗಿಡುಗಗಳು ರಾತ್ರಿ ಮರವನ್ನೋ ಬಂಡೆಯನ್ನೋ ಹುಡುಕಿದರೆ ಇವು ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತವೆ. ಅದೂ ಒಂಟಿಯಾಗಿ ಅಲ್ಲ. ಹಗಲೆಲ್ಲ ಹತ್ತಾರು ಮೈಲಿ ಚದುರಿ ಬೇಟೆಯಾಡಿದ ಹಕ್ಕಿಗಳು ಸಂಜೆ ಒಂದೇ ಹುಲ್ಲುಬಯಲಿಗೆ ಬಂದು ಸೇರುತ್ತವೆ. ಗುಜರಾತಿನ ವೇಳಾವದರ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನದಲ್ಲಿ 1990ರ ದಶಕದಲ್ಲಿ ಒಂದೇ ಸಂಜೆ ಸಾವಿರಕ್ಕೂ ಹೆಚ್ಚು ಹ್ಯಾರಿಯರ್‌ಗಳನ್ನು ಎಣಿಸಿದ ದಾಖಲೆಯಿದೆ. ಹೀಗೆ ಒಂದೆಡೆ ಸೇರುವುದೇ ಎಣಿಸುವವರಿಗೆ ಅನುಕೂಲ. ಆದರೆ ಅದೇ ಈ ಹಕ್ಕಿಗಳಿಗೆ ಅಪಾಯವೂ ಹೌದು. ಆ ಒಂದು ಹುಲ್ಲುಬಯಲು ಅಳಿದರೆ ಇಡೀ ಸೀಮೆಯ ಹಕ್ಕಿಗಳು ಒಂದೇ ಬಾರಿಗೆ ನೆಲೆ ಕಳೆದುಕೊಳ್ಳುತ್ತವೆ.

ಎಣಿಕೆಯಿಂದ ಏನಾದೀತು?

ಹಕ್ಕಿಗಳನ್ನು ಎಣಿಸುವುದರಿಂದ ಯಾವ ಕಾಡು ಉಳಿದೀತು, ಯಾರ ಹೊಟ್ಟೆ ತುಂಬೀತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಹಿಂದಿನ ಎರಡು ಎಣಿಕೆಗಳು ಉತ್ತರ ಹೇಳುತ್ತವೆ.

ಮೊದಲನೆಯದು ಅಮೆರಿಕದ ಪೆನ್ಸಿಲ್ವೇನಿಯದ ಹಾಕ್ ಮೌಂಟನ್ ಎಂಬ ಬೆಟ್ಟದ್ದು. ಶರತ್ಕಾಲದಲ್ಲಿ ಆ ಬೆಟ್ಟದ ಮೇಲೆ ಹಾದುಹೋಗುವ ಗಿಡುಗಗಳನ್ನು ಮೋಜಿಗಾಗಿ ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಅದನ್ನು ರಕ್ಷಿತ ತಾಣವನ್ನಾಗಿ ಮಾಡಿದರು. ಕಾವಲಿಗೆಂದು ನೇಮಕಗೊಂಡ ಮಾರಿಸ್ ಬ್ರೌನ್ ಹಾದುಹೋಗುವ ಹಕ್ಕಿಗಳನ್ನು ಎಣಿಸಿ ಬರೆದಿಡತೊಡಗಿದರು. ಹದ್ದುಗಳಲ್ಲಿ ಬೆಳೆದವೆಷ್ಟು, ಅದೇ ವರ್ಷದ ಮರಿಗಳೆಷ್ಟು ಎಂಬುದೂ ಆ ದಾಖಲೆಯಲ್ಲಿತ್ತು. 1935ರಿಂದ 1939ರವರೆಗೆ ನೂರಕ್ಕೆ 40ರಷ್ಟು ಮರಿಹದ್ದುಗಳಿದ್ದವು. 1955ರಿಂದ 1959ರ ಅವಧಿಯಲ್ಲಿ ಅದು 20ಕ್ಕೆ ಇಳಿದಿತ್ತು. ಹದ್ದುಗಳು ಕಣ್ಣಿಗೆ ಕಾಣುತ್ತಲೇ ಇದ್ದವು, ಆದರೆ ಅವುಗಳ ಸಂತಾನ ಕುಗ್ಗುತ್ತಿತ್ತು. ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಡಿಡಿಟಿ ಮುಂತಾದ ವಿಷಗಳ ವಿರುದ್ಧ ಈ ಅಂಕಿಗಳನ್ನು ಸಾಕ್ಷ್ಯವಾಗಿ ಮುಂದಿಟ್ಟರು.

ಎರಡನೆಯದು ಭಾರತದ್ದೇ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು ಭರತಪುರದಲ್ಲಿ 1980ರ ದಶಕದ ಮಧ್ಯಭಾಗದಲ್ಲಿ ರಣಹದ್ದುಗಳನ್ನು ಎಣಿಸಿದ್ದರು. ಆಗ ರಣಹದ್ದು ಎಲ್ಲೆಡೆ ಕಾಣುವ ಹಕ್ಕಿ. ಅದನ್ನು ಎಣಿಸಬೇಕೆಂದು ಯಾರಿಗೂ ತೋಚದ ಕಾಲ. 1990ರ ದಶಕದ ಕೊನೆಗೆ ಮತ್ತೆ ಎಣಿಸಿದಾಗ ಬಹುಪಾಲು ಹಕ್ಕಿಗಳು ಇಲ್ಲವಾಗಿದ್ದವು. ಮೊದಲ ಎಣಿಕೆ ಇದ್ದುದರಿಂದಲೇ ಎರಡನೆಯದಕ್ಕೆ ಅರ್ಥ ಬಂತು. ಮುಂದಿನ ಹುಡುಕಾಟದಲ್ಲಿ, 2004ರ ಹೊತ್ತಿಗೆ, ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧವೇ ಕಾರಣವೆಂದು ಸಾಬೀತಾಯಿತು. 2006ರಲ್ಲಿ ಪಶುವೈದ್ಯಕೀಯದಲ್ಲಿ ಅದರ ಬಳಕೆಯನ್ನು ಭಾರತ ಸರ್ಕಾರ ನಿಷೇಧಿಸಿತು.

ಈ ಎರಡರಿಂದ ಕಲಿಯಬೇಕಾದ ಪಾಠ ಒಂದೇ. ಹಕ್ಕಿ ಹೇರಳವಾಗಿದ್ದಾಗಲೇ ಎಣಿಸಬೇಕು. ಅಳಿದ ಮೇಲೆ “ಹಿಂದೆ ಬಹಳ ಇದ್ದವು” ಎಂಬ ಹಿರಿಯರ ಮಾತು ಸತ್ಯವೇ ಆದರೂ ಕಚೇರಿಯ ಕಡತದಲ್ಲಿ ಅದಕ್ಕೆ ಬೆಲೆ ಸಿಗುವುದಿಲ್ಲ.

ಹೊಲ ಮತ್ತು ಗಿಡುಗ

ಹ್ಯಾರಿಯರ್‌ಗಳನ್ನು ಕೋಳಿಕಳ್ಳರೆಂದು ಭಾವಿಸುವವರುಂಟು. ಅದು ತಪ್ಪು ಗ್ರಹಿಕೆ. ಗಿಡುಗಗಳು ಜೀರ್ಣವಾಗದ ಚೂರುಗಳನ್ನು ಉಂಡೆ ಮಾಡಿ ಬಾಯಿಯಿಂದ ಹೊರಹಾಕುತ್ತವೆ. ಭಾರತದ ರಾತ್ರಿತಂಗುದಾಣಗಳಲ್ಲಿ ಸಿಕ್ಕ ಇಂಥ ಉಂಡೆಗಳನ್ನು ಬಿಡಿಸಿ ನೋಡಿದಾಗ ಮಿಡತೆಯ ಕಾಲು, ರೆಕ್ಕೆಗಳೇ ವಿಪುಲವಾಗಿ ಕಂಡಿವೆ. ಜೊತೆಗೆ ಇಲಿ, ಓತಿ, ಸಣ್ಣ ಹಕ್ಕಿಗಳ ಗುರುತೂ ಇರುತ್ತದೆ. ತೊಗರಿ, ಕಡಲೆಯ ಹೊಲದ ಮೇಲೆ ತೇಲುವ ಗಿಡುಗ ಕೂಲಿ ಕೇಳದ ಕೆಲಸಗಾರ.

ಆ ಮಿಡತೆಯ ಮೇಲೆಯೇ ಮನುಷ್ಯ ವಿಷ ಸಿಂಪಡಿಸುತ್ತಾನೆ. ಅರ್ಜೆಂಟೀನಾದಲ್ಲಿ ಚಳಿಗಾಲ ಕಳೆಯುವ ಸ್ವೇನ್ಸನ್ ಗಿಡುಗಗಳೂ ಮಿಡತೆ ತಿಂದೇ ಬದುಕುವಂಥವು. 1995–96ರಲ್ಲಿ ಅಲ್ಲಿನ ಹೊಲಗಳಲ್ಲಿ ಮಾನೊಕ್ರೊಟೊಫಾಸ್ ಸಿಂಪಡಿಸಿದಾಗ ಅವು ಸಾವಿರಗಟ್ಟಲೆ ಸತ್ತುಬಿದ್ದವು. ಆ ಒಂದು ಋತುವಿನಲ್ಲಿ ಸತ್ತವು ಸುಮಾರು 20,000 ಎಂದು ಅಂದಾಜಾಯಿತು. ಇದೇ ವಿಷ ಭಾರತದ ಹೊಲಗಳಲ್ಲಿಯೂ ದಶಕಗಳ ಕಾಲ ಬಳಕೆಯಲ್ಲಿತ್ತು. ತರಕಾರಿಗೆ ಬಳಸಬಾರದೆಂಬ ನಿರ್ಬಂಧ ಬಂದದ್ದು 2005ರಲ್ಲಿ. ಗಿಡುಗಗಳ ಸಂಖ್ಯೆ ಇಳಿದರೆ ರೈತನ ಮನೆಯ ಗಾಳಿ, ನೀರುಗಳ ಬಗೆಗೂ ಅನುಮಾನಪಡಬೇಕು.

‘ಬಂಜರು’ ಎಂಬ ಪದ

ವಿಷಕ್ಕಿಂತಲೂ ದೊಡ್ಡ ಅಪಾಯ ಒಂದು ಪದದಲ್ಲಿದೆ. ಹುಲ್ಲುಬಯಲನ್ನು ಸರ್ಕಾರಿ ಭಾಷೆ ‘ಬಂಜರು’ ಎಂದು ಬರೆಯುತ್ತ ಬಂದಿದೆ. 2000ದಲ್ಲಿ ಮೊದಲ ಬಾರಿಗೆ ಪ್ರಕಟವಾದ ಭಾರತದ ಬಂಜರು ಭೂಮಿಯ ನಕಾಶೆ ಸಂಪುಟದಲ್ಲಿಯೂ ಕುರುಚಲು ಬಯಲುಗಳು ಬಂಜರಿನ ಪಟ್ಟಿಯಲ್ಲಿಯೇ ಸೇರಿವೆ. ಬಂಜರೆಂದ ಮೇಲೆ ಅಲ್ಲಿ ನೀಲಗಿರಿ ನೆಡಬಹುದು, ಅಕೇಶಿಯಾ ನೆಡಬಹುದು, ಕಟ್ಟಡ ಕಟ್ಟಬಹುದು, ಸೌರ ಫಲಕ ಹಾಸಬಹುದು. ಮರ ನೆಟ್ಟವರಿಗೆ ಪುಣ್ಯ ಬಂತೆಂಬ ಭಾವನೆ ಬೇರೆ. ಆದರೆ ನೆಲದ ಹುಲ್ಲಿನಲ್ಲಿ ಮಲಗುವ ಹಕ್ಕಿಗೆ ನೆಡುತೋಪು ಮನೆಯಾಗದು, ಬಯಲಿನಲ್ಲಿ ಓಡುವ ಕೃಷ್ಣಮೃಗಕ್ಕೂ ಆಗದು, ಕುರಿಗಾರನಿಗೂ ಆಗದು.

ಮಲೆನಾಡಿನ ಅಂಚಿನ ಜನರಿಗೆ ಈ ಕತೆ ಹೊಸದಲ್ಲ. 1984ರಲ್ಲಿ ಸ್ಥಾಪನೆಯಾದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ನೀಲಗಿರಿ ಬೆಳೆಯಲು ಊರೊಟ್ಟಿನ ನೆಲವನ್ನು ಕೊಡಹೊರಟಾಗ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ಎದ್ದುನಿಂತರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಸಂಸ್ಥೆಯೇ ಮುಚ್ಚಿತು. ಆ ನೆಲ ಬಂಜರಲ್ಲ, ಅದು ಮೇವು, ಉರುವಲುಗಳ ಮೂಲ ಎಂಬುದನ್ನು ಜನ ಅಂದು ತೋರಿಸಿಕೊಟ್ಟರು. ಬೀದರದ ಗಾಯರಾಣಕ್ಕೂ ಅಂಥದೇ ಸಾಕ್ಷಿ ಬೇಕು. ಪ್ರತಿ ಸಂಜೆ ಬಂದಿಳಿಯುವ ಗಿಡುಗಗಳ ಲೆಕ್ಕ ಆ ಸಾಕ್ಷಿಗಳಲ್ಲಿ ಒಂದು.

ಸಾಕ್ಷಿ ಇಲ್ಲದೆ ಹೋದರೆ ಏನಾಗುತ್ತದೆಂಬುದನ್ನೂ ನೋಡಬೇಕು. ಆಂಧ್ರದ ರೋಳ್ಳಪಾಡು ಒಂದು ಕಾಲದಲ್ಲಿ ಹ್ಯಾರಿಯರ್‌ಗಳಿಗೆ ಹೆಸರಾದ ಬಯಲು. ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ. ಬಿ. ಪ್ರಶಾಂತ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಿನ ಇಳಿಕೆಯನ್ನು ಗುರುತಿಸಿ ಕಳವಳ ವ್ಯಕ್ತಪಡಿಸಿತು. ಅಲ್ಲಿ ಹಳೆಯ ಎಣಿಕೆ ಇದ್ದುದರಿಂದ ಇಳಿಕೆ ಬೆಳಕಿಗೆ ಬಂತು. ಲೆಕ್ಕವಿಲ್ಲದ ಬಯಲುಗಳಲ್ಲಿ ಇಳಿಕೆ ಸದ್ದಿಲ್ಲದೆ ನಡೆದುಹೋಗುತ್ತದೆ.

ಎಣಿಸುವ ಬಗೆ

ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯ ಬೇಡ, ಶಿಸ್ತು ಬೇಕು.

ಮೊದಲು ಸ್ಥಳ. ಮಧ್ಯಾಹ್ನದ ಮೇಲೆ ಹ್ಯಾರಿಯರ್‌ಗಳು ಯಾವ ದಿಕ್ಕಿಗೆ ಹಾರುತ್ತವೆಂಬುದನ್ನು ಕೆಲವು ದಿನ ಗಮನಿಸಿದರೆ ಅವು ಸೇರುವ ಹುಲ್ಲು ತಿಳಿಯುತ್ತದೆ. ಇದರಲ್ಲಿ ಕುರಿ ಕಾಯುವವರೇ ಗುರುಗಳು. ಬೀದರ ನಗರದ ಸುತ್ತಲಿನ ಜಂಬಿಟ್ಟಿಗೆ ಬಯಲು, ಭಾಲ್ಕಿಯ ಕಾರಂಜಾ ಜಲಾಶಯದ ಅಂಚು, ಔರಾದದ ಎರೆಹೊಲಗಳ ನಡುವಿನ ಹುಲ್ಲು: ಮೂರೂ ಬೇರೆ ಬೇರೆ ಬಗೆಯ ನೆಲ. ಮೂರು ಕಡೆಯೂ ಒಂದೇ ಸಂಜೆ ಎಣಿಸಿದರೆ ಒಂದು ಹಕ್ಕಿ ಎರಡು ಲೆಕ್ಕಕ್ಕೆ ಸೇರುವ ತಪ್ಪು ತಪ್ಪುತ್ತದೆ. ಬೀದರದಲ್ಲಿ ವಾಯುಪಡೆಯ ನೆಲೆ ಇರುವುದರಿಂದ ಅದರ ಆಸುಪಾಸಿನಲ್ಲಿ ದುರ್ಬೀನು, ಕ್ಯಾಮೆರಾ ಹಿಡಿದು ನಿಲ್ಲುವುದು ಸರ್ವಥಾ ಬೇಡ.

ಎರಡನೆಯದು ಕಾಲ. ಸೀಗೀಹುಣ್ಣಿಮೆಯಿಂದ ಎಳ್ಳಮಾವಾಸ್ಯೆಯವರೆಗೆ ಜನ ಹೊಲದಲ್ಲಿಯೇ ಇರುವ ಕಾಲ. ಅದು ಎಣಿಕೆಗೂ ತಕ್ಕ ಕಾಲ. ಆದರೆ ಹಬ್ಬದ ತಿಥಿ ವರ್ಷದಿಂದ ವರ್ಷಕ್ಕೆ ಸರಿಯುವುದರಿಂದ ಎಣಿಕೆಗೆ ದಿನಾಂಕವನ್ನೇ ಗೊತ್ತುಮಾಡಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ, ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚಿನಿಂದ ಪೂರ್ತಿ ಕತ್ತಲಾಗುವವರೆಗೆ.

ಮೂರನೆಯದು ಕ್ರಮ. ನಾಲ್ಕು ಜನ ನಾಲ್ಕು ದಿಕ್ಕಿಗೆ, ಹುಲ್ಲಿನಿಂದ ಇನ್ನೂರು ಮೀಟರು ದೂರ ನಿಲ್ಲಬೇಕು. ತಮ್ಮ ದಿಕ್ಕಿನಿಂದ ಒಳಬಂದವನ್ನು ಕೂಡಿಸಿ, ಹೊರಹೋದವನ್ನು ಕಳೆಯಬೇಕು. ಹುಲ್ಲಿನೊಳಗೆ ಕಾಲಿಡಬಾರದು, ನಾಯಿಯನ್ನು ಕರೆತರಬಾರದು, ಟಾರ್ಚು ಬಿಡಬಾರದು.

ನಾಲ್ಕನೆಯದು ಗುರುತು. ಮಾಂಟೆಗ್ಯೂ ಗಂಡು ಬೂದುಬಣ್ಣದ್ದು. ಅದರ ರೆಕ್ಕೆಯ ತುದಿ ಕಪ್ಪು, ರೆಕ್ಕೆಯ ಮೇಲೊಂದು ಕಪ್ಪು ಗೆರೆ. ಪ್ಯಾಲಿಡ್ ಗಂಡು ಇನ್ನೂ ಬಿಳುಪು. ರೆಕ್ಕೆಯ ತುದಿಯಲ್ಲಿ ಮಾತ್ರ ಕಿರಿದಾದ ಕಪ್ಪು ಪಟ್ಟೆ. ಮಾರ್ಷ್ ದೊಡ್ಡದು, ಅದರ ಹೆಣ್ಣು ಗಾಢ ಕಂದು, ನೆತ್ತಿ ಕೆನೆಬಣ್ಣ. ಮೊದಲೆರಡರ ಹೆಣ್ಣುಗಳೂ ಮರಿಗಳೂ ಕಂದುಬಣ್ಣದವು, ಬಾಲದ ಬುಡ ಬಿಳಿ. ಸಂಜೆಯ ಮಬ್ಬಿನಲ್ಲಿ ಅವನ್ನು ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಅಂಥವನ್ನು ‘ಕಂದು’ ಎಂದಷ್ಟೇ ಬರೆಯಬೇಕು. ಊಹಿಸಿ ಬರೆದ ಹೆಸರಿಗಿಂತ ಪ್ರಾಮಾಣಿಕವಾದ ‘ತಿಳಿಯದು’ ಮೇಲು. ಹಕ್ಕಿ ಬಾರದ ಸಂಜೆಯ ಸೊನ್ನೆಯನ್ನೂ ತಪ್ಪದೆ ಬರೆಯಬೇಕು. ಸೊನ್ನೆಯೂ ಒಂದು ಲೆಕ್ಕ.

ಲೆಕ್ಕ ಎಲ್ಲಿಗೆ ಹೋಗಬೇಕು?

ನೋಟುಬುಕ್ಕು ಪೆಟ್ಟಿಗೆ ಸೇರಿದರೆ ಶ್ರಮ ವ್ಯರ್ಥ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಸರ್ವೆ ನಂಬರಿನ ಸಮೇತ ಗಿಡುಗಗಳ ಎಣಿಕೆ ಆ ದಾಖಲಾತಿಯಲ್ಲಿ ಸೇರಲಿ. ಊರೊಟ್ಟಿನ ನೆಲವನ್ನು ಒತ್ತುವರಿಯಿಂದ ಬಿಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ನಿರ್ದೇಶನ ನೀಡಿದೆ. ಬೆಂಗಳೂರಿನ ಬದಿಯ ಹೆಸರಘಟ್ಟ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. ಹುಲ್ಲನ್ನು ಹುಲ್ಲಾಗಿಯೇ ಉಳಿಸಬಹುದು ಎಂಬುದಕ್ಕೆ ಅದು ನಿದರ್ಶನ.

ಉಳಿಸುವುದೆಂದರೆ ಬೇಲಿ ಹಾಕಿ ದನಕುರಿಗಳನ್ನು ಓಡಿಸುವುದೆಂದು ಅರ್ಥವಲ್ಲ. ಮೇವಿಗೆ ಹುಲ್ಲು ಕೊಯ್ಯುವಾಗ ಗಿಡುಗಗಳು ಮಲಗುವ ಒಂದು ಪಟ್ಟಿಯನ್ನು ಮಾರ್ಚ್ ಮುಗಿಯುವವರೆಗೆ ಕೊಯ್ಯದೆ, ಸುಡದೆ ಬಿಟ್ಟರೆ ಸಾಕು. ಆ ಪಟ್ಟಿ ಯಾವುದೆಂದು ಹೇಳಬಲ್ಲವರು ಎಣಿಸಿದವರು ಮಾತ್ರ.

ವಿದ್ಯಾರ್ಥಿ ಮಿತ್ರರೇ, ಕುದುರೆಮುಖದ ಶೋಲೆಯ ನೆತ್ತಿಯ ಹುಲ್ಲೂ ಔರಾದದ ಗಾಯರಾಣದ ಹುಲ್ಲೂ ಒಂದೇ ತಾತ್ಸಾರಕ್ಕೆ ಗುರಿಯಾದವು. ಬೆಟ್ಟದವರು ಬಯಲಿನವರ ಮಾತಿಗೆ, ಬಯಲಿನವರು ಬೆಟ್ಟದವರ ಮಾತಿಗೆ ದನಿಗೂಡಿಸಬೇಕು. ಹತ್ತು ವರ್ಷದ ಬಳಿಕ ಯಾವನಾದರೂ ಅಧಿಕಾರಿ ಬಂದು “ಈ ಬಯಲಿನಲ್ಲಿ ಏನಿದೆ?” ಎಂದು ಕೇಳಿದಾಗ, ಊರಿನ ಶಾಲೆಯ ಹುಡುಗಿಯೊಬ್ಬಳು ಹತ್ತು ವರ್ಷದ ಲೆಕ್ಕವನ್ನು ಅವನ ಮುಂದಿಡುವಂತಾಗಲಿ. ಆ ಲೆಕ್ಕದ ಮೊದಲ ಸಾಲನ್ನು ಈ ಅಕ್ಟೋಬರಿನಲ್ಲಿಯೇ ಬರೆಯಬೇಕು.