ಮುತ್ತುರಾಜನು ರಾಜಕುಮಾರನಾದ ಬಗೆ

(ಸಂಘದ ರಾತ್ರಿ ತರಗತಿಯ ಪ್ರಾರಂಭ ಸಭೆಯಲ್ಲಿ ಮಾಡಿದ ಭಾಷಣ)

ಗಿರಣಿಗಳಲ್ಲಿ ದುಡಿದು ತಲೆ ನರೆತ ಹಿರಿಯರೆ, ಹೋಟೆಲಿನ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿರುವ ಅಣ್ಣ ತಮ್ಮಂದಿರೆ,

ನಾನು ಭಾಷಣಕಾರನಲ್ಲ. ಏಳನೆಯ ತರಗತಿಯವರೆಗೆ ಓದಿ, ಈ ಮುಂಬಯಿಗೆ ಬಂದು, ಮೇಜು ಒರೆಸಿ, ಲೋಟ ತೊಳೆದು, ಮಾಣಿಯಾಗಿ, ಆಮೇಲೆ ಸಂಘದ ಕೆಲಸಕ್ಕೆ ಬಿದ್ದವನು. ಮಾತಿನಲ್ಲಿ ಕುಂದುಕೊರತೆಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಈ ತರಗತಿಗೆ ಹೆಸರು ಕೇಳುತ್ತ ನಾವು ನಾಲ್ಕಾರು ಮಂದಿ ಹೋಟೆಲಿನಿಂದ ಹೋಟೆಲಿಗೆ ತಿರುಗಿದೆವು. ಅನೇಕ ಕಡೆ ಬಂದ ಉತ್ತರ ಒಂದೇ: "ಅಣ್ಣಾ, ರಾಜಕುಮಾರ್ ಯಾವ ಶಾಲೆಗೆ ಹೋಗಿದ್ದರು? ಹಣೆಯಲ್ಲಿ ಬರೆದಿದ್ದರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ." ಇನ್ನೊಬ್ಬ ತಮ್ಮ, ಸಿನಿಮಾದಲ್ಲಿ ಪಾತ್ರ ಕೊಡಿಸುತ್ತೇನೆಂದ ದಲ್ಲಾಳಿಯೊಬ್ಬನ ಕೈಗೆ ನಾಲ್ಕು ತಿಂಗಳ ಸಂಬಳ ಸುರಿದು, ಈಗ ಊರಿಗೆ ಹಣ ಕಳಿಸಲಾರದೆ, ತಾಯಿಯ ಫೋನು ಬಂದರೂ ಎತ್ತದೆ ಕುಳಿತಿದ್ದಾನೆ. ಅವನ ಬಾಯಲ್ಲೂ ಅದೇ ಹೆಸರು. ಆದ್ದರಿಂದ ಅಕ್ಷರದ ಮಹಿಮೆಯನ್ನು ಉಪದೇಶಿಸುವುದನ್ನು ಬಿಟ್ಟು, ರಾಜಕುಮಾರರ ಬಾಳನ್ನೇ ಬಿಚ್ಚಿ ನೋಡುವುದು ಲೇಸೆಂದು ನನಗೆ ತೋರಿತು. ಬಡ ಹಳ್ಳಿಯ ಹುಡುಗನೊಬ್ಬ ಬೆಳ್ಳಿತೆರೆಯ ರಾಜನಾದದ್ದು ನಿಜ. ಹೇಗಾದ ಎಂಬುದನ್ನು ಮಾತ್ರ ನಾವು ಸರಿಯಾಗಿ ವಿಚಾರಿಸಿಲ್ಲ.

1929ನೆಯ ಇಸವಿ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದ ಆ ಕೂಸಿಗೆ ಮುತ್ತತ್ತಿಯ ದೇವರ ಹೆಸರಿನಿಂದ ಮುತ್ತುರಾಜನೆಂದು ಕರೆದರು. ಗಾಜನೂರು ಕನ್ನಡ ಮಾತಿನ ಊರಾದರೂ ಆಗ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಇಂದೂ ತಮಿಳುನಾಡಿನ ಗಡಿಯೊಳಗೇ ಇದೆ. ಕನ್ನಡಿಗರೆಲ್ಲ ತಮ್ಮವನೆಂದು ಎದೆಗಪ್ಪಿಕೊಂಡ ನಟ ಹುಟ್ಟಿದ್ದು ಕನ್ನಡ ರಾಜ್ಯದ ಗೆರೆಯಾಚೆ. ಹೊಟ್ಟೆಪಾಡಿಗಾಗಿ ಹೊರನಾಡಿಗೆ ಬಂದ ನಾವು ಇದನ್ನು ನೆನಪಿನಲ್ಲಿಡಬೇಕು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯ ನಟರು, ರೌದ್ರ ಪಾತ್ರಗಳಿಗೆ ಹೆಸರಾದವರು. ತಾಯಿ ಲಕ್ಷ್ಮಮ್ಮನವರು.

ನಾಟಕ ಕಂಪೆನಿಯ ನಟನ ಸಂಸಾರವೆಂದರೆ ಏನು? ರಾತ್ರಿ ತಲೆಯ ಮೇಲೆ ಕಿರೀಟ, ಬೆಳಗಾದರೆ ಅಂಗಡಿಯ ಸಾಲ. ಒಂದು ಊರಿನಲ್ಲಿ ಕೆಲವು ತಿಂಗಳು ಕ್ಯಾಂಪು, ಮತ್ತೆ ಗಂಟುಮೂಟೆ ಕಟ್ಟಿ ಇನ್ನೊಂದು ಊರು. ಮಳೆ ಹಿಡಿದರೆ ಆಟವಿಲ್ಲ, ಆಟವಿಲ್ಲದಿದ್ದರೆ ಕಲೆಕ್ಷನ್ನಿಲ್ಲ, ಕಲೆಕ್ಷನ್ನಿಲ್ಲದಿದ್ದರೆ ಸಂಬಳಕ್ಕೆ ಕಾಯಬೇಕು. ಇಂಥ ಸಂಸಾರದ ಹುಡುಗ ಹತ್ತು ತುಂಬುವ ಮೊದಲೇ ಶಾಲೆ ಬಿಟ್ಟು ತಂದೆಯ ಬೆನ್ನು ಹಿಡಿದು ಕಂಪೆನಿ ಸೇರಿದ. ನಮ್ಮಲ್ಲಿ ಎಷ್ಟೋ ಮಂದಿ ಅದೇ ವಯಸ್ಸಿನಲ್ಲಿ ಚಿಕ್ಕಪ್ಪನದೋ ಊರವರದೋ ಬೆನ್ನು ಹಿಡಿದು ರೈಲು ಹತ್ತಿದವರೇ.

ಇಲ್ಲಿಯವರೆಗೆ ನಮ್ಮ ತಮ್ಮಂದಿರು ಹೇಳುವುದು ಸರಿ. ಶಾಲೆ ಬಿಟ್ಟದ್ದು ನಿಜ. ಆದರೆ ಆ ಹುಡುಗ ಕಲಿಯುವುದನ್ನು ಬಿಟ್ಟನೆ? ಗುಬ್ಬಿ ಕಂಪೆನಿ 1884ರಲ್ಲಿ ಹುಟ್ಟಿದ್ದು. ಅಲ್ಲಿ ತಲೆಮಾರುಗಳ ವಿದ್ಯೆ ಇತ್ತು. ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಮಾತು ಕೇಳಿಸಬೇಕು. ಮಹಾಪ್ರಾಣವನ್ನು ನುಂಗುವಂತಿಲ್ಲ, ಸಂಧಿ ಸಮಾಸಗಳ ಉದ್ದುದ್ದ ಮಾತನ್ನು ಉಸಿರು ಕೆಡದಂತೆ ಒಪ್ಪಿಸಬೇಕು. ಹಾರ್ಮೋನಿಯಮ್ಮಿನ ಶ್ರುತಿಗೆ ಹಾಡಬೇಕು. ಬಾಲ ಪಾತ್ರದಿಂದ ಹಿಡಿದು ಸಣ್ಣಪುಟ್ಟ ವೇಷಗಳನ್ನೆಲ್ಲ ಹಾಕಬೇಕು. ಗುಬ್ಬಿ ಕಂಪೆನಿಯಲ್ಲದೆ ಮೈಸೂರಿನ ಸುಬ್ಬಯ್ಯ ನಾಯ್ಡು ಅವರ ಕಂಪೆನಿಯಲ್ಲೂ ಮುತ್ತುರಾಜ ದುಡಿದ. ಮುಂದೆ ಪುರಾಣದ ಚಿತ್ರಗಳಲ್ಲಿ ಅವರಾಡಿದ ಕನ್ನಡವನ್ನು ಕೇಳಿ ಪಂಡಿತರೂ ತಲೆದೂಗಿದರಲ್ಲ, ಆ ಕನ್ನಡ ಹಣೆಯಿಂದ ಉದುರಿದ್ದಲ್ಲ. ದಿನದಿನವೂ ಬಾಯಿಪಾಠ ಮಾಡಿ, ತಿದ್ದಿಸಿಕೊಂಡು, ಬೈಸಿಕೊಂಡು ಬಂದದ್ದು.

ಗಿರಣಿಯ ಹಿರಿಯರಿಗೆ 'ಬದಲಿ' ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗ್ಗೆ ಗೇಟಿನ ಬಳಿ ನಿಲ್ಲಬೇಕು. ಕಾಯಂ ಕೆಲಸಗಾರ ಬರದಿದ್ದರೆ ಅಂದಿನ ಕೂಲಿ, ಬಂದರೆ ಬರಿಗೈ. ನಾಟಕ ಕಂಪೆನಿಯ ಎಳೆಯ ನಟನ ಬಾಳೂ ಹಾಗೆಯೇ. ದೊಡ್ಡ ನಟನಿಗೆ ಗಂಟಲು ಕಟ್ಟಿತು, ಜ್ವರ ಬಂತು ಎಂದಾಗ ಪಾತ್ರ ಖಾಲಿಯಾಗುತ್ತದೆ. ಆ ಹೊತ್ತಿಗೆ ಮಾತು, ಹಾಡು, ನಡಿಗೆ ಮೂರೂ ಸಿದ್ಧವಾಗಿದ್ದವನಿಗೆ ಅದು ಸಿಕ್ಕುತ್ತದೆ. ಅದೃಷ್ಟವು ಬಾಗಿಲು ತಟ್ಟಿದರೂ ಒಳಗಿರುವವನು ಉಡುಗೆ ಉಟ್ಟು ನಿಂತಿರಬೇಕಷ್ಟೆ.

ಹೀಗೆ ಎಷ್ಟು ವರ್ಷ? 1952ರ 'ಶ್ರೀನಿವಾಸ ಕಲ್ಯಾಣ' ಚಿತ್ರದಲ್ಲಿ ಅವರಿಗೆ ದೊರೆತದ್ದು ಋಷಿಗಳ ನಡುವೆ ಒಬ್ಬ ಋಷಿಯಾಗಿ ನಿಲ್ಲುವ ಚಿಕ್ಕ ಪಾತ್ರ. ಎರಡು ವರ್ಷ ಕಳೆದು, 1954ರಲ್ಲಿ, ಎಚ್. ಎಲ್. ಎನ್. ಸಿಂಹರು 'ಬೇಡರ ಕಣ್ಣಪ್ಪ' ಚಿತ್ರಕ್ಕೆ ನಾಯಕನನ್ನಾಗಿ ಆರಿಸಿದರು. ಮುತ್ತುರಾಜ ಎಂಬ ಹೆಸರು ರಾಜಕುಮಾರ್ ಎಂದಾದದ್ದು ಆಗ. ಇಪ್ಪತ್ತೈದರ ಪ್ರಾಯ; ಅದರಲ್ಲಿ ಹದಿನೈದಕ್ಕೂ ಹೆಚ್ಚು ವರ್ಷ ರಂಗದ ದುಡಿಮೆ. ಜನ ಕಂಡದ್ದು ಆ ಒಂದು ಚಿತ್ರವನ್ನು. ಹಿಂದಿನ ವರ್ಷಗಳನ್ನು ಕಂಡವರು ಕಂಪೆನಿಯವರು ಮಾತ್ರ.

ನಾಯಕನಾದ ಮೇಲೆ ಕಷ್ಟ ತೀರಿತೆಂದು ನಾವು ತಿಳಿದಿದ್ದೇವೆ. ಸಂಘದವರಾದ ನಮಗೆ ಬೇಕಾದ ಕಥೆ ಇಲ್ಲಿಂದಲೇ ಪ್ರಾರಂಭ. ಆ ಕಾಲದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಸ್ಟುಡಿಯೋ, ಯಂತ್ರ, ಬಂಡವಾಳ ಎಲ್ಲ ಹೆಚ್ಚಾಗಿ ಮದ್ರಾಸಿನಲ್ಲಿ. ಕನ್ನಡ ನಟರು ಆ ಊರಿನಲ್ಲಿ ಬಾಡಿಗೆ ಮನೆ ಹಿಡಿದು, ಕೆಲಸ ಬಂದಾಗ ಬಣ್ಣ ಹಚ್ಚಿ, ಬರದಾಗ ಕಾಯುತ್ತಿದ್ದರು. ಅವರೂ ನಮ್ಮ ಹಾಗೆ ಪರಊರಿನ ಕನ್ನಡ ಕೆಲಸಗಾರರು.

ಆಗ ಏನು ಮಾಡಿದರು? ರಾಜಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು, ಈ ನಾಲ್ವರು ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಸಿನಿಮಾದ ನಾಯಕನೆಂಬ ಬಿಂಕ ಬಿಟ್ಟು ಮತ್ತೆ ಊರೂರಿಗೆ ಹೋಗಿ ನಾಟಕವಾಡಿದರು. ನಾಟಕದಿಂದ ಬಂದ ಹಣವನ್ನೂ ಸಾಲವನ್ನೂ ಒಟ್ಟುಗೂಡಿಸಿ ತಾವೇ ಚಿತ್ರ ತೆಗೆದರು. ಅದೇ 1960ರ 'ರಣಧೀರ ಕಂಠೀರವ'. ಆ ಚಿತ್ರವನ್ನು ನೋಡಿದವರು ಮೈಸೂರಿನ ಅರಸನ ಶೌರ್ಯವನ್ನು ಕಂಡಿದ್ದೀರಿ. ಕೆಲಸವಿಲ್ಲದ ನಾಲ್ಕು ಮಂದಿ ಕೈಕೈ ಹಿಡಿದು ತಮಗೂ ಇತರರಿಗೂ ಕೆಲಸ ಸೃಷ್ಟಿಸಿದ ಶೌರ್ಯವೂ ಅದರಲ್ಲಿದೆ.

ಆ ನಾಲ್ವರನ್ನು ನೋಡಿ. ಒಬ್ಬರು ಹಾಡು ಮಾತು ಬರೆಯಬಲ್ಲವರು, ಒಬ್ಬರು ಜನರನ್ನು ನಗಿಸಬಲ್ಲವರು, ಒಬ್ಬರು ನಾಯಕರು. ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಎದುರು ನಿಂತವರ ಮಾತಿಗೆ ತಪ್ಪದೆ ಮಾತು ಕೊಡುತ್ತಿದ್ದರು. ಮುಂದೆ ಅವರೇ ಬೆಂಗಳೂರಿನಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಿದರು. ಅಯ್ಯರರು 1983ರಲ್ಲಿ ಸಂಸ್ಕೃತದ ಮೊದಲ ಚಿತ್ರವನ್ನು ತೆಗೆದರು. ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿ ಇರುತ್ತದೆ. ಸೇರಿದರೆ ಎಲ್ಲರಲ್ಲೂ ಇರುತ್ತದೆ. ನಮ್ಮ ಹೋಟೆಲಿನಲ್ಲಿ ಅಡಿಗೆಯ ಭಟ್ಟರು, ಮಾಣಿ, ಗಲ್ಲೆಯವನು, ಲೋಟ ತೊಳೆಯುವವನು ಒಬ್ಬರನ್ನೊಬ್ಬರು ದೂರುತ್ತ ಕುಳಿತರೆ ಗಿರಾಕಿಯ ಮುಂದೆ ದೋಸೆ ಬರುವುದುಂಟೆ?

ಮನೆಯವರನ್ನೂ ಮರೆಯಬಾರದು. ತಮ್ಮ ವರದರಾಜು ಅವರು ಕಥೆಗಳನ್ನು ಅಳೆದು ಸುರಿದು ಆರಿಸುತ್ತಿದ್ದರು. ಮಡದಿ ಪಾರ್ವತಮ್ಮನವರು 1975ರ 'ತ್ರಿಮೂರ್ತಿ'ಯಿಂದ ಚಿತ್ರ ನಿರ್ಮಾಣಕ್ಕೆ ಇಳಿದು, ಲೆಕ್ಕಪತ್ರವನ್ನು ಕೈಯಲ್ಲಿ ಹಿಡಿದು, ಸಂಸ್ಥೆಯನ್ನೇ ಬೆಳೆಸಿದರು. ಎಷ್ಟೋ ಹಾಡುಗಳಲ್ಲಿ ತುಟಿ ರಾಜಕುಮಾರರದು, ಕಂಠ ಪಿ. ಬಿ. ಶ್ರೀನಿವಾಸರದು. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ನಂತರ ತಮ್ಮ ಹಾಡನ್ನು ತಾವೇ ಹಾಡುವುದು ರೂಢಿಯಾಯಿತು. ಆಗ ಅವರಿಗೆ ನಲವತ್ತೈದು. 1992ರ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಅರವತ್ತು ದಾಟಿತ್ತು. ಇಪ್ಪತ್ತೆರಡರ ತಮ್ಮನೊಬ್ಬ "ಇನ್ನು ನನಗೆ ವಿದ್ಯೆ ಹತ್ತುತ್ತದೆಯೆ ಅಣ್ಣಾ?" ಎಂದು ಕೇಳಿದರೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ಈಗ ಶಾಲೆಯ ವಿಷಯ. ರಾಜಕುಮಾರರ ಚಿತ್ರಗಳಲ್ಲಿ ಅನೇಕವು ಕಾದಂಬರಿಗಳಿಂದ ಬಂದುವು. 'ಸಂಧ್ಯಾರಾಗ' ಅ. ನ. ಕೃಷ್ಣರಾಯರದು, 'ಬಂಗಾರದ ಮನುಷ್ಯ' ಟಿ. ಕೆ. ರಾಮರಾಯರದು, 'ಎರಡು ಕನಸು' ವಾಣಿಯವರದು. ಬರೆದವರು, ಓದಿದವರು ಇಲ್ಲದಿದ್ದರೆ ಆ ಪಾತ್ರಗಳೆಲ್ಲಿಂದ ಬರುತ್ತಿದ್ದುವು? 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟಾದರೂ ತಮಗೆ ಓದಿಲ್ಲವೆಂಬುದನ್ನು ಅವರು ಮುಚ್ಚಿಡಲಿಲ್ಲ. ಅದನ್ನೊಂದು ಹೆಗ್ಗಳಿಕೆಯಾಗಿ ಮೆರೆಸಲೂ ಇಲ್ಲ. 1982ರಲ್ಲಿ ಗೋಕಾಕ್ ವರದಿಯ ಚಳವಳಿ ನಡೆದಾಗ ಸಾಹಿತಿಗಳ ಕರೆಗೆ ಓಗೊಟ್ಟು ಊರೂರು ತಿರುಗಿದರು. ಹೋದಲ್ಲೆಲ್ಲ ಜನ ಸಾಗರವಾಗಿ ಸೇರಿತು. ಆ ಚಳವಳಿಯ ಬೇಡಿಕೆ ಏನು? ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂಬುದು. ತಮ್ಮಂದಿರೆ, ಶಾಲೆಯ ಮೆಟ್ಟಿಲನ್ನು ಹತ್ತಿ ಬೇಗನೆ ಇಳಿದ ಆ ಮನುಷ್ಯ ಇತರರ ಮಕ್ಕಳ ಶಾಲೆಗಾಗಿ ಬಿಸಿಲಿನಲ್ಲಿ ನಿಂತರು. ಅವರ ಹೆಸರು ಹೇಳಿ ಶಾಲೆಯನ್ನು ತಪ್ಪಿಸಿಕೊಳ್ಳುವುದು ನ್ಯಾಯವೆ?

ಒಂದು ಕಹಿ ಮಾತನ್ನೂ ಹೇಳಬೇಕು. ಅವರೊಂದಿಗೆ ಕಂಪೆನಿಗಳಲ್ಲಿ ಬಣ್ಣ ಹಚ್ಚಿದವರೆಲ್ಲ ತಾರೆಗಳಾಗಲಿಲ್ಲ. ಚೆನ್ನಾಗಿ ಕಲಿತವರು, ಚೆನ್ನಾಗಿ ದುಡಿದವರು ಎಷ್ಟೋ ಮಂದಿ ಹೆಸರಿಲ್ಲದೆ ಹೋದರು. ಕಷ್ಟಪಟ್ಟವರೆಲ್ಲ ಮೇಲೇರುತ್ತಾರೆಂದು ನಾನು ನಿಮಗೆ ಆಣೆ ಮಾಡಿ ಹೇಳಲಾರೆ. ಹೇಳಿದರೆ ಆ ದಲ್ಲಾಳಿಗೂ ನನಗೂ ವ್ಯತ್ಯಾಸವಿರುವುದಿಲ್ಲ. ಕಲಿತ ವಿದ್ಯೆ ಮಾತ್ರ ಕಲಿತವನನ್ನು ಬಿಟ್ಟು ಹೋಗುವುದಿಲ್ಲ. ಸಂಬಳದ ಚೀಟಿಯನ್ನು ಓದಬಲ್ಲವನಿಗೆ ಮೋಸ ಮಾಡುವುದು ಕಷ್ಟ. ಕರಾರುಪತ್ರವನ್ನು ಓದಬಲ್ಲವನು ಕಣ್ಣು ಮುಚ್ಚಿ ಸಹಿ ಹಾಕುವುದಿಲ್ಲ.

ಅವರು ಅಭಿಮಾನಿಗಳನ್ನು ದೇವರುಗಳೆಂದು ಕರೆದರು. ಆದರೆ 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಕಲ್ಲು ತೂರಾಟವಾಯಿತು, ವಾಹನಗಳು ಸುಟ್ಟುವು, ಕೆಲವರು ಪ್ರಾಣ ಕಳೆದುಕೊಂಡರು. ಅತ್ತ ಮನೆಯವರು ಅವರ ಕಣ್ಣುಗಳನ್ನು ದಾನ ಮಾಡಿದ್ದರು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಕಣ್ಣಪ್ಪನ ಪಾತ್ರದಿಂದ ಹೆಸರಾದವರು ಕೊನೆಗೆ ತಮ್ಮ ಕಣ್ಣನ್ನೇ ಕಾಣದವರಿಗೆ ಬಿಟ್ಟು ಹೋದರು. ಅಭಿಮಾನಕ್ಕೆ ಎರಡು ದಾರಿಗಳಿವೆ ಎಂಬುದು ಆ ದಿನ ಕಣ್ಣಿಗೆ ಕಟ್ಟುವಂತೆ ತೋರಿತು. ಯಾವ ದಾರಿ ನಮ್ಮದು ಎಂಬುದನ್ನು ನಾವು ಆರಿಸಬೇಕು.

ಮುಂಬಯಿಯ ಕನ್ನಡಿಗರಿಗೆ ರಾತ್ರಿ ಶಾಲೆ ಹೊಸದಲ್ಲ. ಹಗಲೆಲ್ಲ ತಟ್ಟೆ ತೊಳೆದು ರಾತ್ರಿ ಓದಿ ಗುಮಾಸ್ತರಾದವರು, ವಕೀಲರಾದವರು, ಸ್ವಂತ ಹೋಟೆಲು ಇಟ್ಟವರು ನಮ್ಮ ಹಿರಿಯರಲ್ಲಿ ಇದ್ದರು. ಅವರು ಹಚ್ಚಿದ ದೀಪಕ್ಕೆ ನಾವು ಎಣ್ಣೆ ಹೊಯ್ಯುತ್ತಿದ್ದೇವೆ, ಅಷ್ಟೆ. ವಾರಕ್ಕೆ ಮೂರು ರಾತ್ರಿ ಕನ್ನಡ, ಲೆಕ್ಕ, ಅರ್ಜಿ ಬರೆಯುವುದು. ಭಾನುವಾರ ಮಧ್ಯಾಹ್ನ, ಹೋಟೆಲಿನಲ್ಲಿ ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ, ನಾಟಕದ ತಾಲೀಮು. ನಟಿಸುವ ಆಸೆಯಿರುವ ತಮ್ಮಂದಿರು ಮೊದಲು ಇಲ್ಲಿ ಬಂದು ಮಾತು ಒಪ್ಪಿಸಲಿ. ಮಹಾಪ್ರಾಣ ತಪ್ಪಿದರೆ ತಿದ್ದುವವರಿದ್ದಾರೆ. ಯಾರಾದರೂ ಸಿನಿಮಾದ ಹೆಸರಿನಲ್ಲಿ ದುಡ್ಡು ಕೇಳಿದರೆ, ಕೊಡುವ ಮೊದಲು ಸಂಘದ ಕಚೇರಿಗೆ ಬಂದು ಒಂದು ಮಾತು ಹೇಳಿ. ನಾಲ್ಕು ಮಂದಿ ಕುಳಿತು ವಿಚಾರಿಸೋಣ. ದುಡ್ಡು ಕಳೆದುಕೊಂಡವರೂ ನಾಚಿಕೆಪಡದೆ ಬರಲಿ. ದೂರು ಬರೆಯಲು ಜತೆಗೆ ಕುಳಿತುಕೊಳ್ಳುತ್ತೇವೆ.

ಹೆಸರು ಬರೆದುಕೊಳ್ಳುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರೂ ಸಾಕು. ವರ್ಷ ತುಂಬುವುದರೊಳಗೆ ಅದೇ ಪುಟದಲ್ಲಿ ಅವರ ಸಹಿಯನ್ನು ನೋಡುವ ಹೊಣೆ ನಮ್ಮದು.