ಮಾಕಳಿಯಿಂದ ಕಸ್ತೂರಬಾ ರಸ್ತೆಗೆ ಎಷ್ಟು ದೂರ?

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಏನು ಬೈದರು ಅನ್ನೋದು ನಾಳೆಗಿರಲಿ. ಇವತ್ತು ನಿಮ್ಮನ್ನ ಒಂದು ವಾಕಿಂಗ್‌ಗೆ ಕರ್ಕೊಂಡು ಹೋಗ್ತೀನಿ.

ಬೆಂಗಳೂರಿನಲ್ಲಿ ಈಗ ಆರ್ಟ್ ವಾಕ್ ಅನ್ನೋದು ಚಾಲ್ತಿಯಲ್ಲಿದೆ. ಸಂಜೆ ಹತ್ತಿಪ್ಪತ್ತು ಜನ ಸೇರೋದು, ಒಂದು ಗ್ಯಾಲರಿಯಿಂದ ಇನ್ನೊಂದಕ್ಕೆ ನಡ್ಕೊಂಡು ಹೋಗೋದು, ಕಲಾವಿದರು ಸಿಕ್ಕಿದರೆ ನಾಲ್ಕು ಮಾತಾಡೋದು. ಒಳ್ಳೆಯದೇ. ನನ್ನದು ಒಂದೇ ಪ್ರಶ್ನೆ. ಈ ನಡಿಗೆ ಶುರುವಾಗೋದು ಎಲ್ಲಿಂದ? ಕಸ್ತೂರಬಾ ರಸ್ತೆಯಿಂದ, ಅರಮನೆ ರಸ್ತೆಯಿಂದ, ಕುಮಾರಕೃಪಾ ರಸ್ತೆಯಿಂದ. ನಾನು ಮಾಕಳಿಯಿಂದ ಶುರು ಮಾಡಿದೆ.

ಮಾಕಳಿ ಅಂದ ತಕ್ಷಣ ಕೆಲವರು ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗ ಅಂದ್ಕೋತಾರೆ. ಅದಲ್ಲ. ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿದರೆ ಸಿಗೋ ಮಾಕಳಿ. ಅಲ್ಲಿ ನನಗೆ ಪರಿಚಯದ ಒಬ್ಬ ಬೋರ್ಡ್ ಪೇಂಟರ್ ಇದ್ದಾರೆ. ಅರವತ್ತರ ಹತ್ತಿರ ವಯಸ್ಸು. ನಾನು ಅಣ್ಣ ಅಂತೀನಿ, ಅವರು ನನ್ನನ್ನ ಸಾರ್ ಅಂತಾರೆ, ಎಷ್ಟು ಹೇಳಿದರೂ ಬಿಡಲ್ಲ. ಒಂದು ಕಾಲಕ್ಕೆ ಈ ರಸ್ತೆಯ ಲಾರಿಗಳ ಹಿಂದೆ ನವಿಲು, ಕಮಲ, ಆನೆ ಬರೆದ ಕೈ ಅದು. ಅಂಗಡಿ ಬೋರ್ಡುಗಳನ್ನೂ ಬರೆದಿದ್ದಾರೆ. ಆಮೇಲೆ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸ ಮೂರು ನಿಮಿಷಕ್ಕೆ ಇಳೀತು. ಈಗ ಅಣ್ಣ ಮನೆಗಳಿಗೆ ಬಣ್ಣ ಹೊಡೀತಾರೆ. ದಿನಗೂಲಿ.

"ಅಣ್ಣ, ನೀವು ಯಾವತ್ತಾದರೂ ಆರ್ಟ್ ಗ್ಯಾಲರಿಗೆ ಹೋಗಿದೀರಾ?" ಅಂತ ಕೇಳಿದೆ.

"ಹೊರಗಡೆ ಗೋಡೆಗೆ ಬಣ್ಣ ಹೊಡೆಯೋಕೆ ಕರೆದರೆ ಹೋಗ್ತೀನಿ ಸಾರ್" ಅಂದ್ರು. ತಮಾಷೆಗೇ ಅಂದಿದ್ದು. ನನಗೆ ನಗು ಬರಲಿಲ್ಲ.

ಒಂದು ದಿನ ಅವರ ಕೆಲಸ ಮುಗಿದ ಮೇಲೆ ಸಂಜೆ ಐದೂವರೆಗೆ ಹೊರಟ್ವಿ. 2024ರ ನವೆಂಬರ್‌ನಿಂದ ಮಾದಾವರದವರೆಗೂ ಮೆಟ್ರೊ ಇದೆ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್. ರೈಲಿನಲ್ಲಿ ಕೂತು ಅವರಿಗೆ ಮೊಬೈಲ್‌ನಲ್ಲಿ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರ ತೋರಿಸಿದೆ.

ವೆಂಕಟಪ್ಪ ಯಾರು ಅಂತ ಕೇಳಬೇಡಿ, ಕೇಳಿದರೆ ನಮಗೇ ನಾಚಿಕೆ. ಮೈಸೂರು ಆಸ್ಥಾನದ ಚಿತ್ರಕಾರರ ಮನೆತನ. ಕಲ್ಕತ್ತಾಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ಮೈಸೂರಿಗೆ ವಾಪಸ್ ಬಂದು ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತರು. ಮದುವೆ ಆಗಲಿಲ್ಲ. 1965ರಲ್ಲಿ ತೀರಿಕೊಂಡರು. ಕಸ್ತೂರಬಾ ರಸ್ತೆಯ ಸರ್ಕಾರಿ ಕಲಾ ಗ್ಯಾಲರಿಗೆ ಅವರದ್ದೇ ಹೆಸರು.

ಅಣ್ಣ ಎರಡು ಬೆರಳಲ್ಲಿ ಆ ಚಿತ್ರವನ್ನ ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಸುಮಾರು ಎರಡು ಸ್ಟೇಷನ್ ಮಾತಿಲ್ಲ. ಆಮೇಲೆ ಅಂದ್ರು: "ಇವರು ಬಿಳಿ ಬಣ್ಣ ಹಚ್ಚಿಲ್ಲ ಸಾರ್. ಪೇಪರನ್ನೇ ಬಿಟ್ಟವ್ರೆ. ನಮ್ಮ ಎನಾಮಲ್‌ನಲ್ಲಿ ತಪ್ಪಾದ್ರೆ ಮೇಲೆ ಇನ್ನೊಂದು ಕೋಟ್ ಹೊಡೀಬಹುದು. ಇದರಲ್ಲಿ ಆಗಲ್ಲ." ಒಂದು ಕ್ಷಣ ಬಿಟ್ಟು, "ಒರಿಜಿನಲ್ ನೋಡ್ಬೇಕು" ಅಂದ್ರು.

ನಾನು ಎಂಜಿನಿಯರಿಂಗ್ ಓದಿದವನು. ಒಂದು ತಪ್ಪೊಪ್ಪಿಗೆ ಇದೆ. ಓದೋ ಕಾಲಕ್ಕೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ. ಎಂಜಿನ್ ನೋಡಿದ್ವಿ, ಗೇರ್ ತಿರುಗಿಸಿದ್ವಿ, ಹೊರಗೆ ಬಂದು ಕಡಲೆಕಾಯಿ ತಿಂದ್ವಿ, ಬಸ್ ಹತ್ತಿದ್ವಿ. ಅದೇ ಸಾಲಿನಲ್ಲಿ ವೆಂಕಟಪ್ಪ ಇದ್ದರು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ದೇಶಕ್ಕೆಲ್ಲ ಹೆಸರಾದ ಕೆ.ಕೆ. ಹೆಬ್ಬಾರರ ಚಿತ್ರಗಳೂ ಇದ್ದವು. ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಸರಿ, ಅಣ್ಣ ಮತ್ತು ನಾನು ಇಳಿದು ನಡೆದು ಮೊದಲ ಬಾಗಿಲಿಗೆ ಬಂದಾಗ ಏಳು ಗಂಟೆ ಆಗ್ತಾ ಬಂದಿತ್ತು. ಯಾವ ಜಾಗ ಅಂತ ಹೆಸರು ಹೇಳಲ್ಲ, ಯಾಕಂದ್ರೆ ಇದು ಒಂದು ಜಾಗದ ಕಥೆ ಅಲ್ಲ. ಗೇಟು ಹಾಕಿತ್ತು. ಕಾವಲಿನವರು ಮರ್ಯಾದೆಯಾಗೇ ಹೇಳಿದರು: "ಟೈಮ್ ಆಯ್ತು ಸಾರ್, ನಾಳೆ ಬೆಳಗ್ಗೆ ಬನ್ನಿ." ನಾಳೆ ಬೆಳಗ್ಗೆ ಅಣ್ಣ ಬಂದರೆ ಒಂದು ದಿನದ ಕೂಲಿ ಹೋಯ್ತು. ಟಿಕೆಟ್ ಎಷ್ಟಾದರೂ ಇರಲಿ, ಅವರ ಪಾಲಿಗೆ ನಿಜವಾದ ಟಿಕೆಟ್ ಆ ದಿನದ ಸಂಬಳ.

ಅಣ್ಣ ಬೇಜಾರು ಮಾಡ್ಕೊಳ್ಳಲಿಲ್ಲ. ಬೇಜಾರಾಗಿದ್ದು ನನಗೆ. ನಾವಿಬ್ಬರೂ ಫುಟ್‌ಪಾತ್‌ನಲ್ಲೇ ನಡೆದ್ವಿ. 2023ರ ಫೆಬ್ರವರಿಯಲ್ಲಿ ಶುರುವಾದ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂ, ಎಲ್ಲರೂ ಮ್ಯಾಪ್ ಅಂತಾರಲ್ಲ, ಅದರ ಉಕ್ಕಿನ ಗೋಡೆ ನೋಡಿ ಅವರು ನಿಂತುಬಿಟ್ಟರು. "ಇದು ಹಳೇ ವಾಟರ್ ಟ್ಯಾಂಕ್ ಥರ ಇದೆಯಲ್ಲ ಸಾರ್!" ಅಂದ್ರು. ನಿಜ. ಆ ಕಟ್ಟಡದ ವಾಸ್ತುಶಿಲ್ಪಿಗಳು ಉಕ್ಕಿನ ನೀರಿನ ಟ್ಯಾಂಕ್‌ಗಳ ಅಡ್ಡಗೆರೆಯ ಹಲಗೆಗಳನ್ನೇ ಮನಸ್ಸಲ್ಲಿಟ್ಟುಕೊಂಡು ಆ ಗೋಡೆ ಮಾಡಿದ್ದಾರೆ. ನಾನು ಅದನ್ನ ಓದಿ ತಿಳಿದಿದ್ದೆ. ಅಣ್ಣ ನೋಡಿ ತಿಳಿದರು. ಇಬ್ಬರಲ್ಲಿ ಕಲೆ ಗೊತ್ತಿರೋರು ಯಾರು, ನೀವೇ ಹೇಳಿ.

2016ರಲ್ಲಿ ವೆಂಕಟಪ್ಪ ಗ್ಯಾಲರಿಯನ್ನ ಖಾಸಗಿ ಪ್ರತಿಷ್ಠಾನಕ್ಕೆ ವಹಿಸೋ ಒಪ್ಪಂದದ ವಿರುದ್ಧ ಕಲಾವಿದರು ಬೀದಿಗಿಳಿದಿದ್ದು ನಿಮಗೆ ನೆನಪಿರಬಹುದು. ಅವರ ವಾದ ಒಂದೇ: ಇದು ಜನರ ಗ್ಯಾಲರಿ, ಜನರ ಕೈಯಲ್ಲೇ ಇರಲಿ. ಆ ವಾದವನ್ನ ನಾನು ಒಪ್ತೀನಿ. ಒಂದು ಮಾತು ಸೇರಿಸ್ತೀನಿ. ಜನರ ಗ್ಯಾಲರಿ ಅಂದ ಮೇಲೆ ಜನ ಕೆಲಸ ಮುಗಿಸಿ ಬರೋ ಹೊತ್ತಿಗೆ ಅದು ತೆರೆದಿರಬೇಕು, ಅಲ್ವಾ?

ವಾಪಸ್ ಬರುವಾಗ ಪೀಣ್ಯದಲ್ಲಿ ಇಳಿಸಿದೆ. ಯಾಕೆ ಅಂದ್ರೆ, 2014ರಲ್ಲಿ ಇಲ್ಲಿಗೆ ಮೆಟ್ರೊ ಬಂದ ಹೊಸದರಲ್ಲಿ ಯಲಹಂಕದ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಈ ನಿಲ್ದಾಣವನ್ನೇ ಕ್ಯಾನ್ವಾಸ್ ಮಾಡಿಕೊಂಡಿದ್ದರು. ಕಾರ್ಖಾನೆಯ ಕಾರ್ಮಿಕರು ಓಡಾಡೋ ಜಾಗದಲ್ಲಿ ಚಿತ್ರ ಬರೆದರು. ಅದಕ್ಕೆ ಗೇಟಿಲ್ಲ, ಕಾವಲಿಲ್ಲ, ಶಿಫ್ಟ್ ಮುಗಿಸಿ ಬಂದವರಿಗೂ ಬಾಗಿಲು ತೆರೆದೇ ಇತ್ತು.

ಇನ್ನೊಂದು ನೆನಪು ಮಾಡಿಕೊಳ್ಳಿ. 2015ರಲ್ಲಿ ಆರ್.ಟಿ. ನಗರದ ಹತ್ತಿರ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಒಂದು ಮೊಸಳೆ ಬಂದು ಕೂತಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಮಾಡಿಟ್ಟಿದ್ದು. ನಾವು ಚಾನೆಲ್‌ನವರು ಗುಂಡಿ ಬಗ್ಗೆ ಎಷ್ಟು ಕೂಗಿದರೂ ಅಲ್ಲಾಡದ ಆಡಳಿತ ಆ ಮೊಸಳೆ ನೋಡಿ ಎದ್ದು ಕೂತಿತು. ಉತ್ತರ ಬೆಂಗಳೂರಿನಲ್ಲಿ ಗ್ಯಾಲರಿ ಕಡಿಮೆ ಇರಬಹುದು. ಕಲೆ ಇಲ್ಲ ಅಂತ ಮಾತ್ರ ಹೇಳಬೇಡಿ.

ಪೀಣ್ಯದಲ್ಲಿ ಅಣ್ಣ ಗೋಡೆ ಹತ್ತಿರ ಹೋಗಿ ಅಂಗೈ ಇಟ್ಟು ಸವರಿದರು. ಆಮೇಲೆ ನನ್ನ ಕಡೆ ತಿರುಗಿ ಅಂದ್ರು: "ಮಾಕಳೀಲೂ ಗೋಡೆ ಇದಾವಲ್ಲ ಸಾರ್."

ವೀಕ್ಷಕರೇ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಸರ್ಕಾರದ ಮುಂದೆ ಎರಡು ಬೇಡಿಕೆ ಇಡ್ತಿದೀನಿ. ದುಡ್ಡಿನ ಹೊಳೆ ಹರಿಸಿ ಅಂತಿಲ್ಲ. ಒಂದು, ವಾರಕ್ಕೊಂದು ಸಂಜೆ, ಒಂದೇ ಒಂದು ಸಂಜೆ, ಸರ್ಕಾರಿ ಗ್ಯಾಲರಿಗಳನ್ನ ರಾತ್ರಿ ಒಂಬತ್ತರವರೆಗೆ ತೆರೆದಿಡಿ. ಎರಡು, ಮೆಟ್ರೊ ಮುಟ್ಟಿದ ಕಡೆಯೆಲ್ಲ ಒಂದೊಂದು ಗೋಡೆ ಕೊಡಿ. ಆ ಗೋಡೆಗೆ ಕಲಾಶಾಲೆಯ ಮಕ್ಕಳ ಜೊತೆ ಆ ಊರಿನ ಬೋರ್ಡ್ ಪೇಂಟರ್‌ಗಳನ್ನೂ ಕರೀರಿ, ಕೂಲಿ ಕೊಟ್ಟು ಕರೀರಿ.

ಪ್ರತಿ ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಜನ ಹೇಗೆ ನುಗ್ತಾರೆ ನೋಡಿದೀರಲ್ಲ? ಅದು ಯಾಕೆ ಅಂತ ಯೋಚನೆ ಮಾಡಿ. ಭಾನುವಾರ ನಡೆಯುತ್ತೆ, ರಸ್ತೆಯಲ್ಲೇ ನಡೆಯುತ್ತೆ. ಒಳಗೆ ಬರೋಕೆ ಯಾರೂ ಯಾರ ಚಪ್ಪಲಿ ನೋಡಲ್ಲ. ನಮ್ಮ ಜನಕ್ಕೆ ಕಲೆ ಬೇಡ ಅನ್ನೋದು ಸುಳ್ಳು. ನಮ್ಮ ಜನಕ್ಕೆ ಹೊತ್ತು ಸಿಗಲ್ಲ, ಅಷ್ಟೇ.

ಮಾಕಳಿಯಿಂದ ಕಸ್ತೂರಬಾ ರಸ್ತೆಗೆ ಮೆಟ್ರೊ ಲೆಕ್ಕದಲ್ಲಿ ಗಂಟೆಯ ಹಾದಿ. ಅಣ್ಣನ ಲೆಕ್ಕದಲ್ಲಿ ಅರವತ್ತು ವರ್ಷ ಆದರೂ ಮುಗಿದಿಲ್ಲ. ಮುಂದಿನ ರಜೆಯ ದಿನ ಬೆಳಗ್ಗೆಯೇ ಹೊರಡ್ತೀವಿ ಅಂತ ಮಾತಾಡ್ಕೊಂಡಿದೀವಿ. ಒರಿಜಿನಲ್ ನೋಡ್ಬೇಕಂತೆ. ಆ ಬಿಟ್ಟ ಬಿಳಿ ಕಾಗದವನ್ನ.